ಮಗುವಿಗೆ ಮಾತು ಬೇಕು, ಮಾತಿಗೆ ಬಿಡುವು ಬೇಕು

ಕಾರ್ಕ್ ನಗರದ ಪೂರ್ವಕ್ಕಿರುವ ಲಿಟಲ್ ಐಲ್ಯಾಂಡಿನಲ್ಲಿ ಔಷಧ ಕಾರ್ಖಾನೆಗಳೂ ಗೋದಾಮುಗಳೂ ಒತ್ತೊತ್ತಾಗಿ ನಿಂತಿವೆ. ಇಲ್ಲಿ ಪಾಳಿಯಲ್ಲಿ ದುಡಿಯುವ ನಮ್ಮವರ ಮನೆಗಳಲ್ಲಿ ಒಂದು ಬುದ್ಧಿಮಾತು ಸುತ್ತಾಡುತ್ತಿರುತ್ತದೆ: ‘ಮಗುವಿನೊಡನೆ ಇಂಗ್ಲಿಷಿನಲ್ಲೇ ಮಾತಾಡಿ, ಇಲ್ಲದಿದ್ದರೆ ಅದಕ್ಕೆ ಗೊಂದಲವಾಗುತ್ತದೆ.’ ಮಗಳಿಗೆ ಎರಡು ತುಂಬಿದರೂ ಮಾತು ತಡವಾದಾಗ ನಮಗೂ ಇದನ್ನೇ ಹೇಳಿದರು. ನಂಬಿದೆವು. ಆರು ತಿಂಗಳು ಮನೆಯಲ್ಲಿ ಆಜ್ಞೆಗಳಷ್ಟೇ ಉಳಿದವು: ‘ಕಮ್’, ‘ಸಿಟ್’, ‘ಈಟ್’, ‘ನೋ’. ಕಚೇರಿಯ ಇಂಗ್ಲಿಷ್ ನಮಗೆ ಬರುತ್ತಿತ್ತು. ಮುದ್ದಿನ ಇಂಗ್ಲಿಷ್ ಬರುತ್ತಿರಲಿಲ್ಲ.

ಆ ಬುದ್ಧಿಮಾತು ತಪ್ಪು. ಎರಡು ಭಾಷೆ ಕೇಳಿದ ಮಾತ್ರಕ್ಕೆ ಮಗುವಿನ ಮಾತು ಕಟ್ಟುವುದಿಲ್ಲ. ಪದಗಳು ಹೇಗೆ ಬರುತ್ತವೆಂದು ನೋಡಿ. ಮಗು ‘ಆಲು’ ಎನ್ನುತ್ತದೆ. ಅಜ್ಜಿ, ‘ಹಾಲು ಬೇಕಾ ಕಂದಾ? ಹಾಲು ಬಿಸಿಯಿದೆ, ಹಾಲಿಗೆ ಸಕ್ಕರೆ ಹಾಕೋಣ’ ಎನ್ನುತ್ತಾಳೆ. ಪದ ಮೂರು ಬಾರಿ ಬಂತು, ಉಚ್ಚಾರ ನೇರವಾಯಿತು, ವಿಭಕ್ತಿ ಪ್ರತ್ಯಯವೂ ಜೊತೆಗೂಡಿತು. ಮಗುವಿನ ಕಣ್ಣು ಲೋಟದ ಮೇಲಿದ್ದಾಗಲೇ ಇಷ್ಟೂ ನಡೆಯಿತು. ಇಲ್ಲಿ ಕಲಿಸುತ್ತಿರುವುದು ಉತ್ತರ ಕೊಡುವ ಮಾತು. ರೋಸ್‌ಬೆರಿ, ಹಿರ್ಶ್-ಪಾಸೆಕ್, ಗೊಲಿಂಕಾಫ್ ಅವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ದಾಟಿದ ಪುಟಾಣಿಗಳು ಎದುರಿಗಿದ್ದವರಿಂದಲೂ, ತಮಗೆ ಸ್ಪಂದಿಸುವ ವಿಡಿಯೊ ಕರೆಯಿಂದಲೂ ಹೊಸ ಪದ ಕಲಿತರು. ಮೊದಲೇ ಚಿತ್ರೀಕರಿಸಿಟ್ಟ ವಿಡಿಯೊದಿಂದ ಕಲಿಯಲಿಲ್ಲ. ಪುಟಾಣಿಗಳ ಕೈಗೆ ‘ಕಲಿಕೆಯ ಆ್ಯಪ್’ ಮಾರುವವರಿಗೆ ಇದು ರುಚಿಸದ ಸತ್ಯ.

ಹೆತ್ತವರು ತಮ್ಮ ಮಾತನ್ನು ಕೈಬಿಟ್ಟರೆ ಏನಾಗುತ್ತದೆಂಬುದಕ್ಕೆ ಐರ್ಲೆಂಡೇ ಸಾಕ್ಷಿ. 19ನೆಯ ಶತಮಾನದಲ್ಲಿ ಮಗು ಐರಿಷ್ ಆಡಿದಾಗಲೆಲ್ಲ ಅದರ ಕೊರಳಿನ ಕೋಲಿಗೆ ಒಂದೊಂದು ಗೀಟು ಕೊರೆದು, ಗೀಟಿನ ಲೆಕ್ಕದಲ್ಲಿ ಶಿಕ್ಷಿಸುವ ಪದ್ಧತಿಯಿತ್ತು. ಕ್ಷಾಮ, ವಲಸೆಗಳ ಭಯದಲ್ಲಿ ಹೆತ್ತವರೇ ಅದಕ್ಕೆ ಕೈಜೋಡಿಸಿದರು. 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಮಂದಿ ಐರಿಷ್ ಬಲ್ಲೆವೆಂದರು. ಶಿಕ್ಷಣದ ಹೊರಗೆ ದಿನವೂ ಅದನ್ನು ಆಡುವವರು ಸುಮಾರು 72 ಸಾವಿರ. ತಲೆಮಾರುಗಳ ಶಾಲಾಪಾಠವೂ ತೊಟ್ಟಿಲ ಬಳಿಯ ಮಾತಿಗೆ ಬದಲಿಯಾಗಲಿಲ್ಲ.

ಹಾಗೆಂದು ಎಲ್ಲವನ್ನೂ ತಾಯಿಯ ತಲೆಗೆ ಕಟ್ಟುವ ಹಳೆಯ ಚಾಳಿಯನ್ನು ನಾವು ಒಪ್ಪಬೇಕಿಲ್ಲ. 1995ರಲ್ಲಿ ಹಾರ್ಟ್ ಮತ್ತು ರಿಸ್ಲಿ ಅವರು ಅಮೆರಿಕದ 42 ಕುಟುಂಬಗಳನ್ನು ಗಮನಿಸಿ, ಬಡವರ ಮಕ್ಕಳು ಮೂರು ಕೋಟಿ ಪದ ಕಡಿಮೆ ಕೇಳುತ್ತಾರೆಂದು ಅಂದಾಜಿಸಿದರು. ಬಡತಾಯಿಯನ್ನು ತಿದ್ದುವ ಉತ್ಸಾಹಕ್ಕೆ ಅದೇ ಮಂತ್ರವಾಯಿತು. ಮುಂದೆ ಡಗ್ಲಾಸ್ ಸ್ಪೆರಿ ಮತ್ತು ಸಂಗಡಿಗರು ಮಗುವಿನ ಸುತ್ತಲಿನ ಎಲ್ಲರ ಮಾತನ್ನೂ ಎಣಿಸಿದಾಗ ಆ ಅಂತರ ಅಷ್ಟು ಸರಳವಾಗಿ ಕಾಣಲಿಲ್ಲ. ಮಗುವಿನ ಮಾತು ಇಡೀ ಮನೆಯ, ಓಣಿಯ ದುಡಿಮೆ.

ನಮ್ಮ ಮನೆಗಳಲ್ಲಿ ಆ ಓಣಿಯೇ ಇಲ್ಲ. ಹನ್ನೆರಡು ತಾಸಿನ ಪಾಳಿ ಮುಗಿಸಿ ಬಂದವರಿಗೆ ‘ಅದೇನು? ಇದೇನು?’ಗಳಿಗೆ ಉತ್ತರಿಸುವ ತ್ರಾಣವೆಲ್ಲಿ? ಭಾರತದಿಂದ ಬರುವ ಅಜ್ಜಿಗೆ ಸಂದರ್ಶಕ ವೀಸಾ ಹೆಚ್ಚೆಂದರೆ 90 ದಿನ. ಮೊಮ್ಮಗು ಅವಳ ದನಿಗೆ ಹೊಂದಿಕೊಳ್ಳುವಷ್ಟರಲ್ಲಿ ವಿಮಾನದ ಹೊತ್ತಾಗಿರುತ್ತದೆ.

ಆದ್ದರಿಂದ, ಗೆಳೆಯರೇ, ನವೆಂಬರಿನ ವೇದಿಕೆಯಲ್ಲಿ ಕನ್ನಡಕ್ಕೆ ಜೈಕಾರ ಹಾಕಿ, ಕೆಳಗಿಳಿದು ಮಗುವಿಗೆ ‘ಕಮ್ ಹಿಯರ್’ ಎನ್ನುವುದನ್ನು ಮೊದಲು ನಿಲ್ಲಿಸೋಣ. ಕತೆ ಹೇಳುವ, ಉಣಿಸುವ ಕೆಲಸದಲ್ಲಿ ಅಪ್ಪಂದಿರು ತಮ್ಮ ಪಾಲು ಹೊರಲಿ. ಆಮೇಲೆ ಕಾರ್ಮಿಕ ಸಂಘಗಳಲ್ಲಿ, ಜನಪ್ರತಿನಿಧಿಗಳ ಬಾಗಿಲಲ್ಲಿ ಕೇಳೋಣ: ಎಳೆಮಕ್ಕಳಿರುವವರಿಗೆ ಮನುಷ್ಯರಿಗೆ ತಕ್ಕ ಪಾಳಿ, ಶಿಶುಪಾಲನೆಯ ಕೆಲಸಗಾರರಿಗೆ ಗೌರವದ ಸಂಬಳ, ಅಜ್ಜ-ಅಜ್ಜಿಯರಿಗೆ ದೀರ್ಘ ವಾಸ. ಇದು ಸಂಸಾರದ ಗೋಳಲ್ಲ, ಹಕ್ಕಿನ ಪ್ರಶ್ನೆ.

ನಾವು ಕನ್ನಡಕ್ಕೆ ಮರಳಿದ ದಿನ ಮನೆಯಲ್ಲಿ ಮೊದಲು ಮಾತು ಬಂದದ್ದು ನಮಗೆ, ಮಗಳಿಗೆ ಆಮೇಲೆ.