ಕಳ್ಳನಿಗೂ ಬಡ್ತಿ

ತುಟ್ಟಿಭತ್ಯ ಏರಿತೆಂದು ಹಿಗ್ಗುವಷ್ಟರಲ್ಲಿ ಮನೆಬಾಡಿಗೆಯೂ ಏರುವುದು ಚೆನ್ನೈಯ ನಮ್ಮಂಥ ಗುಮಾಸ್ತರಿಗೆ ಹೊಸದಲ್ಲ. ಮಕ್ಕಳ ಕಂಪ್ಯೂಟರ್ ಆಟದಲ್ಲಿಯೂ ಇದೇ ನ್ಯಾಯವೆಂದು ತಿಳಿದಾಗ ನಮಗೆ ನಗು ಬಂದಿತು.

2006ರಲ್ಲಿ ಅಮೆರಿಕದ ಬೆಥೆಸ್ಡಾ ಸಂಸ್ಥೆ ಹೊರತಂದ ‘ಆಬ್ಲಿವಿಯನ್’ ಆಟದಲ್ಲಿ ವೀರನು ಒಂದು ಮೆಟ್ಟಿಲೇರಿದರೆ ಎದುರಾಳಿಗಳೂ ಬಹುಮಟ್ಟಿಗೆ ಏರುತ್ತಾರೆ. ಎಲ್ಲಿ ಹೋದರೂ ಸರಿಸಮ ಕಾಳಗ ಸಿಗಲೆಂಬುದು ಉದ್ದೇಶ. ಆದರೆ ಕಡೆಗೆ, ನೂರು ಹೊನ್ನಿಗಾಗಿ ದಾರಿ ಅಡ್ಡಗಟ್ಟುವ ಕಳ್ಳನ ಮೈಮೇಲೆ ಸಾವಿರಾರು ಹೊನ್ನಿನ ಕವಚ! ಹಾಗಾದರೆ ಬೆಳೆದು ಫಲವೇನೆಂದು ಆಟಗಾರರು ಗೊಣಗಿದರು. ಗೊಣಗಿ ಸುಮ್ಮನಾಗಲಿಲ್ಲ, ಸಂಸ್ಥೆಯೇ ಉಚಿತವಾಗಿ ಕೊಟ್ಟ ಸಲಕರಣೆಯಿಂದ ಆಟವನ್ನೇ ತಿದ್ದಿದರು. ಇಂಥ ತಿದ್ದುಪಡಿಗೆ ‘ಮಾಡ್’ ಎಂದು ಹೆಸರು. ‘ಓಸ್ಕುರೋಸ್ ಆಬ್ಲಿವಿಯನ್ ಓವರ್‌ಹಾಲ್’ ಎಂಬ ಮಾಡ್‌ನಲ್ಲಿ ಕೆಲವು ಗುಹೆಗಳು ಎಳೆಯ ವೀರನಿಗೆ ದುರ್ಗಮ. ಬಲಿತು ಮರಳಿದರೆ ಸುಗಮ. 2011ರ ‘ಸ್ಕೈರಿಮ್’ನಲ್ಲಿ ಸಂಸ್ಥೆಯೂ ಈ ಏರಿಕೆಗೆ ಸ್ಥಳಸ್ಥಳಕ್ಕೆ ಮಿತಿ ಹಾಕಿತು.

ಆಟ ತಿದ್ದುವುದು ನಮ್ಮವರಿಗೇನು ಹೊಸದೆ? ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫದಲ್ಲಿ ಹೊಸಹೊಸ ಆಟಗಳನ್ನು ಕಟ್ಟಿದರು. ಚೌಕಾಬಾರದ ಕಟ್ಟಳೆ ಮನೆಮನೆಗೂ ಬೇರೆ.

ಆದುದರಿಂದ ತಂದೆತಾಯಿಗಳೇ, ಮಕ್ಕಳು ಆಟ ತಿದ್ದಲು ಕುಳಿತರೆ ಗದರುವ ಮೊದಲು, ಏನು ತಿದ್ದಿದಿರಿ, ಏಕೆ ತಿದ್ದಿದಿರಿ ಎಂದು ಕೇಳಿನೋಡಿ. ಉತ್ತರದಲ್ಲಿ ನ್ಯಾಯಾನ್ಯಾಯದ ವಿಚಾರವೂ ಇದ್ದೀತು.