ಹಳೆಯ ಗೋಡೆಯೂ ಬಂಡವಾಳವೇ

ಗಂಗಾವತಿಯ ವಾಣಿಜ್ಯವೆಂದರೆ ಭತ್ತ, ಅಕ್ಕಿ ಗಿರಣಿ ಮತ್ತು ಎಡದಂಡೆ ಕಾಲುವೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್‌ಗೇಟು ಕೊಚ್ಚಿಹೋದಾಗ, ಒಂದೇ ಆಸರೆಯ ಮೇಲೆ ನಿಂತ ವ್ಯಾಪಾರ ಎಷ್ಟು ನಾಜೂಕಿನದೆಂಬುದು ನಮ್ಮೆಲ್ಲರ ಅರಿವಿಗೆ ಬಂದಿತು. ಎರಡನೆಯ ಆಸರೆಯಾಗಬಲ್ಲ ಪ್ರವಾಸೋದ್ಯಮವು ನಮ್ಮ ತಾಲ್ಲೂಕಿನ ಆನೆಗೊಂದಿ ಭಾಗದಲ್ಲಿಯೇ ಇದೆ. ಆದರೆ ಆ ದಾರಿಯಲ್ಲಿ ನಾವು ಈಗಾಗಲೇ ಒಮ್ಮೆ ಎಡವಿದ್ದೇವೆ.

ವಿರೂಪಾಪುರಗಡ್ಡೆಯ ಕಥೆ ಎಲ್ಲರಿಗೂ ತಿಳಿದದ್ದೇ. ಹಂಪಿಯ ಎದುರು ದಂಡೆಯಲ್ಲಿ ಉಪಾಹಾರ ಗೃಹಗಳು, ರೆಸಾರ್ಟುಗಳು ವರ್ಷದಿಂದ ವರ್ಷಕ್ಕೆ ಬೆಳೆದವು. ಹಂಪಿಯು 1986ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಸಾಲಿನಲ್ಲಿಯೂ ಇತ್ತು. 2002ರಲ್ಲಿ ಅದರ ನಿರ್ವಹಣೆಗೆಂದೇ ಪ್ರತ್ಯೇಕ ಕಾಯಿದೆಯೂ ಬಂದಿತ್ತು. ಇಷ್ಟಾದರೂ ಕಟ್ಟುವುದು ನಿಲ್ಲಲಿಲ್ಲ. 2020ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಯಂತ್ರಗಳು ಬಂದವು. ಹೂಡಿದ ಹಣವೂ ಹೋಯಿತು, ಅಡುಗೆಯವರಿಂದ ದೋಣಿಯವರವರೆಗೆ ಅನೇಕರ ಅನ್ನವೂ ಹೋಯಿತು. ಕಾಯಿದೆಯನ್ನು ಎಷ್ಟು ಶಪಿಸಿದರೂ, ಅನುಮತಿಯಿಲ್ಲದ ಅಡಿಪಾಯದ ಮೇಲೆ ಹಣ ಸುರಿದ ತಪ್ಪು ವ್ಯಾಪಾರಸ್ಥರದೂ ಹೌದು.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮಲ್ಲಿಯೇ ಇದೆ. 1997ರಲ್ಲಿ ಆರಂಭವಾದ ಕಿಷ್ಕಿಂಧಾ ಟ್ರಸ್ಟ್ ಆನೆಗೊಂದಿಯ ಹಳೆಯ ಮನೆಗಳನ್ನು ಕೆಡವದೆ ಜೀರ್ಣೋದ್ಧಾರ ಮಾಡಿ, ಪ್ರವಾಸಿಗರ ವಸತಿಗೆ ಒದಗಿಸಿತು. ಬಾಳೆ ನಾರಿನ ಕೈಕೆಲಸವೂ ಅದರ ಜೊತೆಗೆ ಬೆಳೆಯಿತು. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನದಲ್ಲಿಯೂ ಅರಸರ ಕಾಲದ ಹೋಟೆಲು ಕಟ್ಟಡವನ್ನು ಖಾಸಗಿ ಸಮೂಹವೊಂದು ನವೀಕರಿಸಿ, ಹೋಟೆಲಾಗಿಯೇ ನಡೆಸಿತು. ಕಟ್ಟಡದ ಚರಿತ್ರೆಯೇ ಅಲ್ಲಿ ಗಿರಾಕಿಯನ್ನು ಕರೆಯುವ ಫಲಕ.

ಜೀರ್ಣೋದ್ಧಾರ ದುಬಾರಿ, ಅನುಮತಿ ವಿಳಂಬ ಎಂಬ ಆಕ್ಷೇಪ ಸಹಜ. ಮಣ್ಣಿನ ಮಾಳಿಗೆ, ಕಲ್ಲಿನ ಗೋಡೆ, ಮರದ ಕಂಬಗಳನ್ನು ಬಲ್ಲ ಕೆಲಸಗಾರರು ಕಡಿಮೆಯಾಗುತ್ತಿರುವುದೂ ನಿಜ. ಆದರೆ ಲೆಕ್ಕವನ್ನು ಪೂರ್ತಿ ಹಾಕಬೇಕು. ಗಾರೆಗೆ, ಮರಗೆಲಸಕ್ಕೆ ಕೊಡುವ ಹಣ ಬಹುಪಾಲು ಊರಿನಲ್ಲಿಯೇ ಉಳಿಯುತ್ತದೆ. ಕೆಡವಲ್ಪಟ್ಟ ಕಟ್ಟಡದಲ್ಲಿ ಹೂಡಿದ ಹಣ ಯಾರ ಕೈಗೂ ಮರಳುವುದಿಲ್ಲ. ಅಂಜನಾದ್ರಿಯ ಮೆಟ್ಟಿಲೇರಿ ಇಳಿದ ಭಕ್ತನಿಗೆ ಒಳ್ಳೆಯ ಊಟ, ನೆರಳು, ಶುಚಿಯಾದ ಶೌಚಾಲಯ ಬೇಕು. ಅದು ಹಳೆಯ ಪಡಸಾಲೆಯೊಂದರಲ್ಲಿ, ನಮ್ಮದೇ ಗಿರಣಿಯ ಸೋನಾ ಮಸೂರಿಯೊಂದಿಗೆ ದೊರೆಯುವುದಾದರೆ ಬೇಡವೆನ್ನುವವರಾರು?

ಆದ್ದರಿಂದ ನಮ್ಮ ಸಂಸ್ಥೆ ಮೂರು ಕಾರ್ಯಗಳನ್ನು ಕೈಗೊಳ್ಳಬೇಕೆಂದು ಕೋರುತ್ತೇನೆ. ಒಂದು, ಮಾಲೀಕರ ಒಪ್ಪಿಗೆಯೊಡನೆ ಆನೆಗೊಂದಿ ಸುತ್ತಲಿನ ಹಳೆಯ ಕಟ್ಟಡಗಳ ಪಟ್ಟಿ ಸಿದ್ಧಪಡಿಸುವುದು. ಎರಡು, ಎಲ್ಲಿ, ಏನನ್ನು, ಯಾವ ಷರತ್ತಿನ ಮೇಲೆ ದುರಸ್ತಿ ಮಾಡಬಹುದೆಂಬುದನ್ನು ಸರಳ ಕನ್ನಡದಲ್ಲಿ, ಅರ್ಜಿಯ ಕಾಲಮಿತಿಯೊಂದಿಗೆ ಪ್ರಕಟಿಸುವಂತೆ ಹಂಪಿ ಪ್ರಾಧಿಕಾರವನ್ನು ಒತ್ತಾಯಿಸುವುದು. ಮೂರು, ಸದಸ್ಯರು ಪಾಲು ಹಾಕಿ, ಮಾಲೀಕರ ಕುಟುಂಬವನ್ನೂ ಪಾಲುದಾರರನ್ನಾಗಿಸಿ, ಒಂದೇ ಒಂದು ಕಟ್ಟಡವನ್ನು ಊಟದ ಮನೆಯಾಗಿ ಉಳಿಸಿ ತೋರಿಸುವುದು.

ಅನುಮತಿ ಪತ್ರ ಮೊದಲು, ಗಾರೆ ಆಮೇಲೆ. ಗಡ್ಡೆಯಲ್ಲಿ ಕಳೆದುಕೊಂಡವರು ಕಲಿಸಿದ ಪಾಠವಿದು. ಅದಕ್ಕಾಗಿ ಅವರು ತೆತ್ತ ಬೆಲೆ ಸಣ್ಣದಲ್ಲ.