ಕೇಕಿನ ಕೆಂಪು ಎಷ್ಟಿರಬೇಕು?

ರಾಜ್ಯದ ಆಹಾರ ಸುರಕ್ಷತಾ ಇಲಾಖೆಯು 2024ರಲ್ಲಿ ಪರೀಕ್ಷಿಸಿದ 235 ಕೇಕ್ ಮಾದರಿಗಳ ಪೈಕಿ 12 ಅಸುರಕ್ಷಿತವೆಂದು ಕಂಡುಬಂದಾಗ, ರೆಡ್ ವೆಲ್ವೆಟ್‌ನ ಕಡುಗೆಂಪು ಹಠಾತ್ತನೆ ಅಪರಾಧಿಯ ಸ್ಥಾನದಲ್ಲಿ ನಿಂತಿತು. 'ಇನ್ನು ಮಕ್ಕಳ ಹುಟ್ಟುಹಬ್ಬದ ಕೇಕು ಮನೆಯಲ್ಲೇ' ಎಂದು ಸಂಕಲ್ಪ ಮಾಡಿದವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಸಂಕಲ್ಪ ಒಳ್ಳೆಯದೇ. ಆದರೆ ಐಸಿಂಗ್‌ಗೆ ಬೆರೆಸಲು ಅವರು ಅಂಗಡಿಯಿಂದ ತರುವ ಶೀಶೆಯಲ್ಲಿರುವುದು ಬಹುಮಟ್ಟಿಗೆ ಆ ವರದಿಯಲ್ಲಿ ಹೆಸರಿಸಲಾದ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಪಾನ್ಸೋ 4ಆರ್, ಕಾರ್ಮೋಸಿನ್‌ಗಳೇ ಎಂಬುದು ವಿಪರ್ಯಾಸ.

ಇಲ್ಲೊಂದು ವಿವೇಚನೆ ಅಗತ್ಯ. 2024ರ ಮಾರ್ಚ್‌ನಲ್ಲಿ ಬಾಂಬೆ ಮಿಠಾಯಿಯ ವಿಷಯದಲ್ಲಿ ಸುದ್ದಿಯಾದ ರೊಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಆಹಾರದಲ್ಲಿ ಅದಕ್ಕೆ ಎಡೆಯೇ ಇಲ್ಲ. ಮೇಲೆ ಹೇಳಿದ ನಾಲ್ಕು ಬಣ್ಣಗಳು ಹಾಗಲ್ಲ. ಅವಕ್ಕೆ ಕಾನೂನಿನ ಸಮ್ಮತಿಯಿದೆ, ಮಿತಿಯೂ ಇದೆ: ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ. ಅಂದರೆ ಹತ್ತು ಕಿಲೋ ತಿನಿಸಿಗೆ ಒಂದೇ ಗ್ರಾಂ. ಬೇಕರಿಯವನನ್ನಾದರೂ ಅಧಿಕಾರಿ ಪ್ರಶ್ನಿಸಬಹುದು. ಅಡುಗೆಮನೆಯಲ್ಲಿ 'ಇನ್ನೂ ಸ್ವಲ್ಪ ಕೆಂಪಾಗಲಿ' ಎಂದು ಚಮಚ ಬಗ್ಗಿಸುವ ಕೈಯನ್ನು ತಡೆಯುವವರು ಯಾರು? ಇದೇ ನಾಲ್ಕು ಬಣ್ಣಗಳಲ್ಲಿ ಯಾವುದಿದ್ದರೂ, ಮಕ್ಕಳ ಚಟುವಟಿಕೆ ಮತ್ತು ಏಕಾಗ್ರತೆಗೆ ಬಾಧಕವಾಗಬಹುದೆಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಮುದ್ರಿಸುವುದು ಐರೋಪ್ಯ ಒಕ್ಕೂಟದಲ್ಲಿ 2010ರಿಂದ ಕಡ್ಡಾಯ. ನಮ್ಮಲ್ಲಿ ಅಂಥ ಎಚ್ಚರಿಕೆ ಕಡ್ಡಾಯವಲ್ಲ.

ಹಾಗಾದರೆ ಐಸಿಂಗ್ ಬಿಳಿಯಾಗಿಯೇ ಇರಬೇಕೆ? ಬೇಕಿಲ್ಲ. ಅರಿಸಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದನ್ನು ಆರತಿಯ ತಟ್ಟೆಯಲ್ಲಿ ನೋಡಿ ಬೆಳೆದವರು ನಾವು. ಬೀಟ್‌ರೂಟ್ ಬೇಯಿಸಿದರೆ ಮಂಕಾಗುತ್ತದೆ ನಿಜ, ಆದರೆ ಐಸಿಂಗ್ ಒಲೆ ಹತ್ತುವುದಿಲ್ಲವಲ್ಲ! ಸಕ್ಕರೆ ಪುಡಿಯ ಐಸಿಂಗ್ ಆದರೆ ನೀರಿನ ಬದಲು ಅದರ ರಸವನ್ನೇ ಹಾಕಿ ಕೆಲವು ಹನಿ ನಿಂಬೆರಸ ಬೆರೆಸಬಹುದು. ಬೆಣ್ಣೆಯದಾದರೆ ರಸ ಒಗ್ಗದೆ ಒಡೆದುಹೋಗುತ್ತದೆ. ಒಣಗಿಸಿ, ಕುಟ್ಟಿ, ಜರಡಿ ಹಿಡಿದ ಪುಡಿಯೇ ಬೇಕು. ಶಂಖಪುಷ್ಪದ ಕಷಾಯ ನೀಲಿ, ನಿಂಬೆ ಹಿಂಡಿದರೆ ನೇರಳೆ. ಆದರೆ ಬೆಣ್ಣೆಯ ಹಳದಿಯೊಡನೆ ನೀಲಿ ಬೆರೆತು ಹಸಿರು ಛಾಯೆ ಮೂಡುವುದುಂಟು. ಅರಿಸಿನ ಚಿಟಿಕೆ ಮೀರಿದರೆ ಕೇಕು ಚಿತ್ರಾನ್ನದ ವಾಸನೆ ಹೊಡೆದೀತು.

ಇವಾವುವೂ ಅಂಗಡಿಯ ಕೆಂಪಿನಷ್ಟು ಕಣ್ಣು ಕುಕ್ಕವು. ಪೇಟೆಯ ಥಳಕಿಗೆ ಒಗ್ಗಿದ ಮಗು ಮೊದಲ ಬಾರಿ ಮುಖ ಸಿಂಡರಿಸಲೂಬಹುದು. ಆ ಥಳಕನ್ನು ಕಲಿಸಿದವರು ನಾವೇ ಆದ್ದರಿಂದ ಮರೆಸುವ ಹೊಣೆಯೂ ನಮ್ಮದು. ಶೀಶೆಯ ಬಣ್ಣವೇ ಬೇಕೆನ್ನುವವರು ಕಡ್ಡಿಯ ತುದಿಯಲ್ಲಿ ಅದ್ದಿ ಕಲಸಿ, ಒಂದೆರಡು ಗಂಟೆ ಕಾಯಲಿ. ಐಸಿಂಗ್‌ನ ಬಣ್ಣ ತಾನಾಗಿ ಗಾಢವಾಗುತ್ತದೆ.

ಚೀಟಿಯೇ ಇಲ್ಲದೆ ಬಿಡಿಯಾಗಿ ಮಾರುವ ಬಣ್ಣದ ಪುಡಿಯನ್ನಂತೂ ಯಾರೂ ಮನೆಗೆ ತರಬಾರದು. ಇಲಾಖೆಯವರು ಮುಂದಿನ ಸಲ ಕೇಕುಗಳ ಜೊತೆಗೆ ಆ ಪುಡಿಯ ಪೊಟ್ಟಣಗಳನ್ನೂ ಪ್ರಯೋಗಾಲಯಕ್ಕೆ ಒಯ್ದು, ಫಲಿತಾಂಶವನ್ನು ಇಷ್ಟೇ ಬಹಿರಂಗವಾಗಿ ಪ್ರಕಟಿಸಲಿ.